ಒಬ್ಬನೇ ವಿಜಾಪುರಕ್ಕೆ

ನಮ್ಮ ಸಮೀರವಾಡಿಯ ಕಡೆ ಆಸ್ಪತ್ರೆಗೆ, ಕೋರ್ಟಿಗೆ, ಹೆಣ್ಣು ನೋಡಲಿಕ್ಕೆ, ಯಾವುದಕ್ಕೂ ಒಬ್ಬರೇ ಹೋಗುವ ಪದ್ಧತಿಯಿಲ್ಲ. ಆದಿಲಶಾಹಿಗಳ ರಾಜಧಾನಿಯನ್ನು ಒಬ್ಬನೇ ನೋಡಿ ಬರುತ್ತೇನೆಂದಾಗ ಪಕ್ಕದ ಮನೆಯ ಕಾಕಾ ದನಿ ತಗ್ಗಿಸಿ, "ಯಾಕೋ ತಮ್ಮಾ, ಮನ್ಯಾಗ ಏನರ ಆತೇನು?" ಎಂದರು.

ಜಮಖಂಡಿ ದಾಟಿ, ಕೃಷ್ಣೆ ದಾಟಿ ವಿಜಾಪುರ. ಮೊದಲು ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ನಮ್ಮ ಲೆಕ್ಕದಲ್ಲಿ ಎರಡು-ಮೂರು ಟ್ರ್ಯಾಕ್ಟರ್ ಕಬ್ಬು! ಬಾಯಿ ಸಿಂಹದ್ದು, ಹಲ್ಲಿನ ಸಂದಿಯಲ್ಲಿ ಪಾಪ, ಒಂದು ಆನೆ. ದಾರಿಹೋಕರೊಬ್ಬರಿಗೆ ಮೊಬೈಲ್ ಕೊಟ್ಟು ಫೋಟೋ ತೆಗೆಸಿಕೊಂಡೆ. ನನ್ನ ಚಪ್ಪಲಿ ಸಹಿತ ಎಲ್ಲ ಬಂದಿದೆ, ತೋಪೊಂದೇ ಇಲ್ಲ.

ನಿಜವಾದ ಫಜೀತಿ ಗೋಳಗುಮ್ಮಟದಲ್ಲಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿಯದು. ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಈ ಗೋಡೆಗೆ ಮೆಲ್ಲಗೆ ಹೇಳಿದ್ದು ಆಚೆಯ ಗೋಡೆಯಲ್ಲಿ ಸ್ಪಷ್ಟ ಕೇಳುತ್ತದೆ. ಆದರೆ ಒಬ್ಬನೇ ಬಂದವನಿಗೆ ಆಚೆ ಕಡೆ ಯಾರು? ಶಿಲ್ಪಿಗಳು ಇಷ್ಟೆಲ್ಲ ಯೋಚಿಸಿದರು, ಜೊತೆಯಿಲ್ಲದವನನ್ನು ಮಾತ್ರ ಮರೆತರು. ಆದರೂ ಗೋಡೆಗೆ ಬಾಯಿಟ್ಟು, "ಕೇಳಸ್ತದೇನ್ರಿ?" ಎಂದೆ.

"ಕೇಳಸ್ತತ್ರಿ," ಅಪರಿಚಿತ ಅಜ್ಜರೊಬ್ಬರ ದನಿ. "ಯಾವೂರು?"

"ಸಮೀರವಾಡಿರಿ, ಅಜ್ಜಾರ."

"ಹೌದಾ! ಸಕ್ಕರಿ ಫ್ಯಾಕ್ಟರಿ ಊರು! ಈ ಸಲ ಟನ್ನಿಗೆ ಎಷ್ಟ ಕೊಟ್ರಪಾ?"

ಪಿಸುಮಾತು ಅಂತ ಅಜ್ಜರಿಗೆ ಯಾರೂ ಹೇಳಿರಲಿಲ್ಲ. "ಎಷ್ಟ ಕೊಟ್ರಪಾ, ಎಷ್ಟ ಕೊಟ್ರಪಾ" ಎಂದು ಗುಮ್ಮಟ ಒಂದೇ ಸಮನೆ ಕೇಳತೊಡಗಿತು. ಗುಮ್ಮಟ ನೋಡಲು ಬಂದಿದ್ದ ಶಾಲೆಯ ಹುಡುಗರೆಲ್ಲ ಉತ್ತರಕ್ಕಾಗಿ ನನ್ನನ್ನೇ ನೋಡಿದರು.