ಪ್ರಥಮಾ ವಿಭಕ್ತಿ ರಜೆಯ ಮೇಲಿದೆ

ಹೊಸ ಅಗ್ರಹಾರ ಹೋಬಳಿಯ ರೈತ ಪೌತಿ ಖಾತೆಗೆ ಅರ್ಜಿ ಕೊಟ್ಟರೂ ಒಂದೇ, ಬೀದರದವನು ಕೊಟ್ಟರೂ ಒಂದೇ. ಬರುವ ಉತ್ತರ: ‘ಸದರಿ ಅರ್ಜಿಯನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’

ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಹದಿಮೂರನೇ ಶತಮಾನದ ವ್ಯಾಕರಣಕಾರ ಕೇಶಿರಾಜನೇ ಎದ್ದು ಬಂದರೂ ಸಂಧಿ, ಸಮಾಸ ನೋಡಿ ತಲೆದೂಗಿಯಾನು. ಆದರೆ ಪರಿಶೀಲಿಸುವವರು ಯಾರು? ‘ಅರ್ಜಿಯನ್ನು’ ಎಂಬ ದ್ವಿತೀಯಾ ಹಾಜರಿದೆ. ಪ್ರಥಮಾ ರಜೆಯಲ್ಲಿದೆ, ಚಾರ್ಜ್ ಯಾರಿಗೂ ಕೊಟ್ಟಿಲ್ಲ.

ಶಾಲೆಯಲ್ಲಿ ಕಲಿತ ಕರ್ಮಣಿ ಪ್ರಯೋಗ ಇಷ್ಟು ಹೇಡಿಯಲ್ಲ. ರಾವಣನು ಕೊಲ್ಲಲ್ಪಟ್ಟರೂ ‘ರಾಮನಿಂದ’ ಎಂದು ತೃತೀಯಾ ಸಾಕ್ಷಿ ಹೇಳುತ್ತಿತ್ತು. ಕಚೇರಿ ಪ್ರಯೋಗದಲ್ಲಿ ‘ರಾವಣನನ್ನು ಕೊಲ್ಲಲಾಗಿದೆ’, ಅಷ್ಟೇ. ಕಡತ ಮುಕ್ತಾಯ.

ಭಾಷಾವಿಜ್ಞಾನಿ ಹ್ಯಾಲಿಡೇ 1985ರಲ್ಲಿ ಕ್ರಿಯಾತ್ಮಕ ವ್ಯಾಕರಣದ ಬಗ್ಗೆ ದಪ್ಪ ಪುಸ್ತಕವನ್ನೇ ಬರೆದರು. ವಾಕ್ಯ ಸರಿಯೋ ತಪ್ಪೋ ಎಂದಷ್ಟೇ ನೋಡಬೇಡಿ. ಅದು ಯಾರ ನಡುವೆ, ಯಾವ ಸಂದರ್ಭದಲ್ಲಿ, ಏನು ಕೆಲಸ ಮಾಡುತ್ತದೆ ನೋಡಿ ಎಂಬುದು ಅದರ ಸಾರ. ನಮ್ಮ ಗುಮಾಸ್ತರು ಅದನ್ನು ಓದದೆಯೇ ಅರಗಿಸಿಕೊಂಡಿದ್ದಾರೆ. ತೋಟವಿರುವ ಗೌಡರು ಬಂದರೆ ‘ಬನ್ನಿ, ಕುಂತ್ಕಳಿ’. ಎಚ್.ಡಿ. ಕೋಟೆಯ ಹಾಡಿಯಿಂದ ಎಪ್ಪತ್ತರ ಜೇನುಕುರುಬ ಅಜ್ಜ ಬಂದರೆ ‘ಏನೋ, ಆಮೇಲೆ ಬಾ’. ಬಹುವಚನ ವಯಸ್ಸಿಗಲ್ಲ, ಪಹಣಿಗೆ. (ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷೆಗಳಿಗೆಂದೇ ಕೇಂದ್ರೀಯ ಸಂಸ್ಥಾನವಿದೆ. ಸಂಶೋಧಕರಿಗೆ ವಿಷಯ ಬೇಕಿದ್ದರೆ ಯಾವುದಾದರೂ ಕೌಂಟರಿನ ಮುಂದೆ ಒಂದು ಬೆಳಗು ನಿಂತರೆ ಸಾಕು.)

ಹಾಗೆಂದು ಕಚೇರಿಗೆ ಕರ್ತರಿ ಪ್ರಯೋಗ ಬಾರದೆಂದಲ್ಲ. ‘ಸರ್ವರ್ ಕೈಕೊಟ್ಟಿದೆ.’ ಕರ್ತೃ ಇದೆ, ಕ್ರಿಯೆ ಇದೆ, ಕೈ ಕೂಡ ಇದೆ! ‘ನೀವು ದಾಖಲೆ ತಂದಿಲ್ಲ.’ ಇಲ್ಲೂ ಕರ್ತೃ ಸ್ಪಷ್ಟ. ತಪ್ಪು ಎದುರಿನವರದಾದರೆ ಪ್ರಥಮಾ ವಿಭಕ್ತಿ ರಜೆ ಮುಗಿಸಿ ಓಡೋಡಿ ಬರುತ್ತದೆ.

ಕಾಣೆಯಾದ ಕರ್ತೃವನ್ನು ಹುಡುಕಲು ಸರ್ಕಾರವೇ ಒಂದು ಕಾನೂನು ಮಾಡಬೇಕಾಯಿತು. 2011ರ ಸೇವಾ ಖಾತರಿ ಅಧಿನಿಯಮ, 2012ರಿಂದ ‘ಸಕಾಲ’. ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಒಬ್ಬ ಗೊತ್ತುಪಡಿಸಿದ ಅಧಿಕಾರಿ, ಒಂದು ಗಡುವು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಪ್ರಥಮಾ ವಿಭಕ್ತಿಗೆ ಇಷ್ಟು ಅಗ್ಗದ ದರ ಬೇರೆಲ್ಲೂ ಇರಲಾರದು.

ಆದ್ದರಿಂದ ಓದುಗರೇ, ಸಕಾಲದ ಸ್ವೀಕೃತಿಯಲ್ಲಿರುವ 15 ಅಂಕಿಯ ಸಂಖ್ಯೆಯನ್ನು ಜೋಪಾನವಾಗಿಡಿ. ‘ಕ್ರಮ ಕೈಗೊಳ್ಳಲಾಗುವುದು’ ಎಂದವರನ್ನು ‘ಯಾರು? ಯಾವತ್ತು?’ ಎಂದು ಕೇಳಿ, ಬರೆಸಿಕೊಂಡೇ ಮೆಟ್ಟಿಲಿಳಿಯಿರಿ.