ಲಘುನಾಲಿಕಾಚಯನ ಮೀಮಾಂಸೆ

ಯಾವುದೇ ಶಾಸ್ತ್ರಕ್ಕೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳು ಬೇಕೇಬೇಕು. ಇಲ್ಲದಿದ್ದರೆ ಮೈಲಾಪೂರಿನಲ್ಲಿ ಅದನ್ನು ಯಾರೂ ಕೂತು ಕೇಳುವುದಿಲ್ಲ. ಪ್ರಕೃತ ಪ್ರಬಂಧದ ವಿಷಯ: ವಿನೋದಕ್ಕಾಗಿ ಗುರಿ ಹೊಡೆಯುವವರು ಸಣ್ಣ ನಳಿಕೆಯ ಪಿಸ್ತೂಲನ್ನು ಆರಿಸಿಕೊಳ್ಳುವ ವಿಧಿ. ಪ್ರಯೋಜನ: ರಟ್ಟಿನಲ್ಲಿ ತೂತು. ಸಂಬಂಧ: ಪಿಸ್ತೂಲಿಗೂ ರಟ್ಟಿಗೂ ನಡುವೆ ಹತ್ತು ಮೀಟರ್ ಗಾಳಿ. ಅಧಿಕಾರಿ ಯಾರೆಂಬುದು ತೊಡಕಿನ ಪ್ರಶ್ನೆ. ಆದ್ದರಿಂದ ವಿದ್ವತ್ಸಂಪ್ರದಾಯದಂತೆ ಅದನ್ನು ಮುಂದಕ್ಕೆ ತಳ್ಳಿದ್ದೇವೆ.

ಗ್ರಂಥಕ್ಕೆ ಪ್ರೇರಣೆ ಒಂದು ಉಪನ್ಯಾಸ. ಮೈಲಾಪೂರಿನ ಲಜ್ ಬಳಿ ನಡೆದ ಕನ್ನಡಿಗರ ಕೂಟವೊಂದರಲ್ಲಿ ಹಿರಿಯರೊಬ್ಬರು ಕ್ರೀಡಾಯುಧದ ಆಯ್ಕೆಯ ಬಹುಮುಖಿ ನೆಲೆಗಳನ್ನು ಕುರಿತು ಮಾತಾಡಿದರು. ಪರಿಪ್ರೇಕ್ಷ್ಯ ಬಂತು, ಆಯಾಮ ಬಂತು, ಸಂಕಥನ ಬಂತು, ಅನುಸಂಧಾನ ಎರಡು ಸಲ ಬಂತು. ಪಿಸ್ತೂಲು ಬರಲಿಲ್ಲ. ಕೊನೆಗೆ ನನ್ನ ತಂಗಿಯ ಮಗಳು, ಹದಿನೈದರ ಹುಡುಗಿ, ಎದ್ದು ನಿಂತಳು. "ಸರ್, ಕ್ಲಬ್ಬಿನ ಪಿಸ್ತೂಲಿನ ಹಿಡಿಕೆ ನನ್ನ ಕೈಗೆ ದೊಡ್ಡದು. ಏನು ಮಾಡ್ಬೇಕು?" ಹಿರಿಯರು ನಕ್ಕು, "ಅದು ಆನುಷಂಗಿಕ ಪ್ರಶ್ನೆ ಕಣಮ್ಮ" ಎಂದರು. ಸಭೆಯೂ ನಕ್ಕಿತು. ಆಮೇಲೆ ಬೋಂಡ ಕೊಟ್ಟರು.

ಪ್ರಥಮಾಧ್ಯಾಯ, ಪ್ರಾಚೀನತಾನಿರೂಪಣೆ. ಯಾವ ವಸ್ತುವಿನ ಚರ್ಚೆಗೂ ಮೊದಲು ಅದು ನಮ್ಮಲ್ಲಿ ಹಿಂದೆಯೇ ಇತ್ತೆಂದು ಸಾಧಿಸಬೇಕು. ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಮೈಲಾಪೂರಿನಿಂದ ಕಡಲದಂಡೆಯ ರಸ್ತೆ ಹಿಡಿದರೆ ಪ್ರೆಸಿಡೆನ್ಸಿ ಕಾಲೇಜು ಸಿಗುತ್ತದೆ. ಅಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಜರ್ಮನ್ ವಿದ್ವಾಂಸ ಗುಸ್ತಾವ್ ಓಪರ್ಟ್ ಪ್ರಾಚೀನ ಹಿಂದೂಗಳ ಆಯುಧಗಳ ಬಗ್ಗೆ 1880ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಶುಕ್ರನೀತಿಯ 'ನಾಲಿಕ'ವೇ ಬಂದೂಕು, ಆದ್ದರಿಂದ ಮದ್ದುಗುಂಡು ಇಲ್ಲಿಯದೇ ಎಂಬುದು ಅವರ ವಾದ. ಶುಕ್ರನೀತಿಯ ಆ ಭಾಗವೇ ತೀರ ಈಚಿನದು ಎಂದು ಉಳಿದ ವಿದ್ವಾಂಸರು ತಕರಾರು ತೆಗೆದರು. ನಮಗೆ ಅದು ಮುಖ್ಯವಲ್ಲ. ಶುಕ್ರನೀತಿಯ ಪ್ರಕಾರ ಸಣ್ಣ ನಾಲಿಕದ ಉದ್ದ ಐದು ಗೇಣು. ಗುರಿ ಹಿಡಿಯಲು ಬುಡದಲ್ಲೊಂದು ತುದಿಯಲ್ಲೊಂದು ಎಳ್ಳಿನಂಥ ಬಿಂದು. ಈಗಿನ ಅಂತರರಾಷ್ಟ್ರೀಯ ನಿಯಮದಂತೆ ಏರ್ ಪಿಸ್ತೂಲು 420 ಮಿ.ಮೀ. ಉದ್ದ, 200 ಅಗಲ, 50 ದಪ್ಪದ ಪೆಟ್ಟಿಗೆಯೊಳಗೆ ಕೂರಬೇಕು. ಹೀಗಾಗಿ ಶುಕ್ರಾಚಾರ್ಯರು ತಮ್ಮ ನಾಲಿಕ ಹಿಡಿದು ಬಂದರೆ ಸಲಕರಣೆ ತಪಾಸಣೆಯಲ್ಲೇ ಹೊರಗೆ. ಪ್ರಾಚೀನತೆ ಸಿದ್ಧವಾಯಿತು, ಉಪಯೋಗವಾಗಲಿಲ್ಲ.

ದ್ವಿತೀಯಾಧ್ಯಾಯ, ವರ್ಗೀಕರಣ. ಪಿಸ್ತೂಲು ದ್ವಿವಿಧ: ವಾತಚೋದಿತ, ಅಗ್ನಿಚೋದಿತ. ವಾತಚೋದಿತವೆಂದರೆ 4.5 ಮಿ.ಮೀ., ಅಂಗಡಿಯ ಮಾತಿನಲ್ಲಿ .177. ಅಗ್ನಿಚೋದಿತವೆಂದರೆ 5.6 ಮಿ.ಮೀ., ಎಂದರೆ .22. ವಾತಚೋದಿತವು ಸ್ಪ್ರಿಂಗ್, ಅನಿಲ, ಒತ್ತಿದ ಗಾಳಿ ಎಂದು ತ್ರಿವಿಧ. ಈ ನಾಲ್ಕೂ ಸ್ವಕೀಯ, ಪರಕೀಯ, ಕ್ಲಬ್ಬಕೀಯ ಎಂದು ಹನ್ನೆರಡು. ಹನ್ನೆರಡೂ ದಕ್ಷಿಣಹಸ್ತ, ವಾಮಹಸ್ತ ಎಂದು ಇಪ್ಪತ್ತನಾಲ್ಕು. ಯಾಂತ್ರಿಕ ಟ್ರಿಗರ್, ಎಲೆಕ್ಟ್ರಾನಿಕ್ ಟ್ರಿಗರ್ ಎಂದು ಮತ್ತೆ ಒಡೆದರೆ ನಲವತ್ತೆಂಟು. ಸಾಕು. ಅಂಗಡಿಯವನು ಕೇಳುವುದು ಎರಡೇ ಪ್ರಶ್ನೆ: ಲೈಸೆನ್ಸ್ ಇದೆಯೇ, ದುಡ್ಡು ಇದೆಯೇ.

ಇನ್ನು ಅಧಿಕಾರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ .22 ಪಿಸ್ತೂಲಿಗೆ ಲೈಸೆನ್ಸ್ ಬೇಕು, ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. ನಳಿಕೆ .177 ಮೀರದ, ಶಕ್ತಿ 20 ಜೂಲ್ ದಾಟದ ಗಾಳಿಪಿಸ್ತೂಲಿಗೆ 2016ರ ನಿಯಮಗಳಂತೆ ಲೈಸೆನ್ಸ್ ಬೇಡ. ಪಂದ್ಯದ ಏರ್ ಪಿಸ್ತೂಲಿನ ಶಕ್ತಿ ಆರು ಜೂಲಿನ ಆಸುಪಾಸು. ರಟ್ಟು ತೂತಾಗಲು ಅಷ್ಟೇ ಸಾಕು. ಇಲ್ಲಿ ಪೂರ್ವಪಕ್ಷಿಯೊಬ್ಬ ಏಳುತ್ತಾನೆ: ಕೊಡಗಿನಲ್ಲಿ ಕೊಡವರಿಗೆ ಲೈಸೆನ್ಸೇ ಬೇಡವಲ್ಲ, 2029ರವರೆಗೆ ವಿನಾಯಿತಿ ಇದೆಯಲ್ಲ? ಇದೆ. ಅದು ಕೋವಿಗೆ, ಪಿಸ್ತೂಲಿಗಲ್ಲ. ಕೈಲ್‌ಪೊಳ್ದು ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿಯಿಂದ ತೆಂಗಿನಕಾಯಿ ಹೊಡೆಯಬಹುದು, ಹತ್ತು ಮೀಟರಿನ ರಟ್ಟಿಗೆ ಅದು ಒದಗದು.

ಹಾಗಾದರೆ ಒಳ್ಳೆಯ .22 ಎಲ್ಲಿಂದ? ಪಾರ್ಡಿನಿ, ವಾಲ್ಥರ್, ಹ್ಯಾಮರ್ಲಿ, ಎಲ್ಲವೂ ಹೊರದೇಶದವು. ಸಾಮಾನ್ಯ ಗಿರಾಕಿಗೆ ಆಮದಿನ ಬಾಗಿಲು 1980ರ ದಶಕದಲ್ಲೇ ಮುಚ್ಚಿತು. ತೆರೆದಿರುವುದು ಸ್ಪರ್ಧೆಗಳಲ್ಲಿ ಇಂತಿಷ್ಟು ಅಂಕ ಗಳಿಸಿ 'ರಿನೌನ್ಡ್ ಶಾಟ್' ಅನ್ನಿಸಿಕೊಂಡಂಥವರಿಗೆ. ಅಂಕ ಬರಲು ಒಳ್ಳೆಯ ಪಿಸ್ತೂಲು ಬೇಕು, ಒಳ್ಳೆಯ ಪಿಸ್ತೂಲಿಗೆ ಅಂಕ ಬೇಕು. ತರ್ಕದಲ್ಲಿ ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತಾರೆ. ಸರ್ಕಾರಿ ಕಡತದಲ್ಲಿ ಇದು ದೋಷವಲ್ಲ, ಅರ್ಹತೆ.

ಹಿರಿಯರು ಇದನ್ನು ಕೇಳಿದರೆ ಪ್ಯಾರಿಸ್ಸಿನ ಯೂಸುಫ್ ದಿಕೆಚ್‌ನನ್ನು ಕರೆತರುತ್ತಾರೆ. ಒಂದು ಕೈ ಜೇಬಿನಲ್ಲಿಟ್ಟು, ಮಾಮೂಲಿ ಕನ್ನಡಕದಲ್ಲಿ 2024ರ ಒಲಿಂಪಿಕ್ ಬೆಳ್ಳಿ ಹೊಡೆದ ತುರ್ಕಿಯ ಮನುಷ್ಯ. ಸಲಕರಣೆ ಏನೂ ಅಲ್ಲ, ಮನಸ್ಸೇ ಎಲ್ಲ ಎಂದು ಅವರ ಸಿದ್ಧಾಂತ. ಜೇಬಿನಲ್ಲಿದ್ದ ಕೈಯನ್ನು ನೋಡಿದ ಕಣ್ಣು ಇನ್ನೊಂದು ಕೈಯನ್ನೂ ನೋಡಬೇಕಿತ್ತು. ಅದರಲ್ಲಿದ್ದದ್ದು ಪಂದ್ಯದ ಪಿಸ್ತೂಲೇ. ಟೋಕಿಯೋ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಪಂದ್ಯದ ನಡುವೆ ಕೆಟ್ಟು ನಿಂತಿತು, ಅದನ್ನು ಸರಿಪಡಿಸುವಷ್ಟರಲ್ಲಿ ಸಮಯ ಹೋಯಿತು, ಫೈನಲ್ ತಪ್ಪಿತು. ಅದೇ ಹುಡುಗಿ ಪ್ಯಾರಿಸ್ಸಿನಲ್ಲಿ ಎರಡು ಕಂಚು ತಂದಳು. ನಡುವಿನ ಮೂರು ವರ್ಷದಲ್ಲಿ ಬದಲಾದದ್ದು ಬರೀ ಮನಸ್ಸೇ?

ಛಲಕ್ಕೆ ಉದಾಹರಣೆಯಾಗಿ ಬೆಂಗಳೂರಿನ ಪಿ. ಎನ್. ಪ್ರಕಾಶ್ ಅವರನ್ನೂ ಹೇಳುತ್ತಾರೆ. 2013ರಲ್ಲಿ ಮುಖಕ್ಕೆ ಪಾರ್ಶ್ವವಾಯು ಬಡಿದರೂ 2016ರಲ್ಲಿ ರಿಯೋಗೆ ಹೋದವರು. ನಿಜಕ್ಕೂ ದೊಡ್ಡ ಮಾತು. ಅವರ ತಂದೆಯೂ ಶೂಟರ್ ಆಗಿದ್ದರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಪಿಸ್ತೂಲು ಎಂದರೇನೆಂದು ಗೊತ್ತಿರುವ ಮನೆಯಲ್ಲಿ ಹುಟ್ಟುವುದೂ ಒಂದು ಸಲಕರಣೆ.

ಈಗ ಆ ಆನುಷಂಗಿಕ ಪ್ರಶ್ನೆ. ಪಂದ್ಯದ ಪಿಸ್ತೂಲಿನ ಹಿಡಿಕೆ ಮರದ್ದು, ಅಂಗೈಯ ಅಳತೆಗೆ ಕೆತ್ತಿದ್ದು. ಸಣ್ಣ, ನಡು, ದೊಡ್ಡ ಎಂದು ಬೇರೆ ಬೇರೆ ಬರುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವಿನ ಸಂದು ಅದರ ಬೆನ್ನಿಗೆ ಪೂರ್ತಿ ಒತ್ತಿ ಕೂರಬೇಕು. ತೋರುಬೆರಳ ಮೊದಲ ಗಿಣ್ಣಿನ ಮೆತ್ತನೆ ಭಾಗ ಟ್ರಿಗರನ್ನು ನೇರ ಹಿಂದಕ್ಕೆ ಎಳೆಯಬೇಕು. ಎಳೆತದ ಭಾರ ಕನಿಷ್ಠ 500 ಗ್ರಾಂ. ಹಿಡಿಕೆ ದೊಡ್ಡದಾದರೆ ಬೆರಳ ತುದಿ ಮಾತ್ರ ಎಟಕುತ್ತದೆ, ಒತ್ತಡ ಪಕ್ಕಕ್ಕೆ ಬೀಳುತ್ತದೆ, ಪೆಲೆಟ್ ಸರಿದುಹೋಗುತ್ತದೆ. ಹತ್ತರ ವೃತ್ತದ ವ್ಯಾಸ 11.5 ಮಿ.ಮೀ.; ಸರಿಯಲು ಅಲ್ಲಿ ಎಷ್ಟು ಜಾಗವಿದೆ? ಸ್ವಂತ ಪಿಸ್ತೂಲಿದ್ದವರು ಅರ ಹಾಕಿ ಮರ ಸವೆಸುತ್ತಾರೆ, ತಗ್ಗಿದ್ದಲ್ಲಿ ಪುಟ್ಟಿ ಮೆತ್ತುತ್ತಾರೆ. ಕ್ಲಬ್ಬಿನದನ್ನು ಸವೆಸುವಂತಿಲ್ಲ. ನಮ್ಮ ಹುಡುಗಿಗೆ ಸಿಕ್ಕಿರುವುದರಲ್ಲಿ ಯಾವನೋ ಗಂಡಸಿನ ಅಂಗೈಗೆ ಮೆತ್ತಿದ ಹಳೇ ಪುಟ್ಟಿ, ಅದರ ಮೇಲೆ ಕಪ್ಪು ಇನ್ಸುಲೇಷನ್ ಟೇಪು. ಅಣ್ಣನ ಬೂಟು ತೊಟ್ಟು ಓಡಿದ ಹಾಗೆ ಅವಳು ಅಭ್ಯಾಸ ಮಾಡುತ್ತಾಳೆ. ಅಂಕ ಬರದಿದ್ದರೆ ಏಕಾಗ್ರತೆ ಸಾಲದು ಎಂದು ಬೈಸಿಕೊಳ್ಳುತ್ತಾಳೆ. ಸಣ್ಣ ಹಿಡಿಕೆ ಒಂದನ್ನು ತರಿಸಲು ಪರಿಪ್ರೇಕ್ಷ್ಯ ಬೇಡ, ಅನುಸಂಧಾನ ಬೇಡ, ಒಂದು ಆರ್ಡರು ಸಾಕು. ಅಷ್ಟು ಮಾತಾಡಿದ ಬಾಯಲ್ಲಿ ಆ ಒಂದು ವಾಕ್ಯ ಬರಲಿಲ್ಲ ಎಂಬುದೇ ನನ್ನ ಸಿಟ್ಟು.

ಮರೀನಾದಲ್ಲಿ ಬಲೂನಿಗೆ ಗುರಿ ಹೊಡೆಸುವವರಿದ್ದಾರೆ. ಅಲ್ಲಿ ನಮ್ಮ ಹುಡುಗಿಯ ಕೈಗೆ ಏರ್ ರೈಫಲ್ ಕೊಡುವಾಗಲೇ ಅಂಗಡಿಯವನು, "ಕೊಂಜಂ ಲೆಫ್ಟಲ ಪುಡಿ ಪಾಪಾ" ಎಂದ. ತನ್ನ ಯಾವ ಬಂದೂಕು ಎತ್ತ ಎಳೆಯುತ್ತದೆಂದು ಅವನಿಗೆ ಗೊತ್ತು, ಹೇಳಲು ಸಂಕೋಚವೂ ಇಲ್ಲ. ಅವಳು ಎಡಕ್ಕೆ ಹಿಡಿದಳು, ಬಲೂನು ಒಡೆಯಿತು.

ವಾಮಹಸ್ತ ಪ್ರಕರಣವೊಂದು ಬಾಕಿ ಇದೆ. ಎಡಗೈಯವರಿಗೆ ಹಿಡಿಕೆಯೇ ಬೇರೆ. ಕ್ಲಬ್ಬಿನಲ್ಲಿ ಅಂಥದ್ದಿಲ್ಲ, ಕೇಳಿದ ಹುಡುಗನಿಗೆ ಬಲಗೈಯಲ್ಲಿ ಅಭ್ಯಾಸ ಮಾಡು ಎಂದರಂತೆ.