ಲಂಟಾನ ಮಹಾಶಯರಿಗೊಂದು ಬಹಿರಂಗ ಪತ್ರ

ಮಾನ್ಯ ಲಂಟಾನ ಮಹಾಶಯರಿಗೆ,

ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಹಾಕಲು ತಮ್ಮ ಮುಳ್ಳಿನ ನಡುವೆ ಅಂಗೈಯಗಲ ಜಾಗವೂ ಇಲ್ಲದ್ದರಿಂದ ನಿಂತಲ್ಲಿಂದಲೇ ಕೈಮುಗಿದಿದ್ದೇನೆ, ಒಪ್ಪಿಸಿಕೊಳ್ಳಬೇಕು.

ಅಮೆರಿಕ ಖಂಡದ ತಾವು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಹೂವಿನ ಚೆಲುವಿನಿಂದ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅತಿಥಿಯಾಗಿ ಬಂದವರು. ಇಂದು ಬಿಳಿಗಿರಿರಂಗನ ಬೆಟ್ಟದಲ್ಲಿ ತಮ್ಮದೇ ದರ್ಬಾರು. 1997ರಲ್ಲಿ ಅಲ್ಲಿ ಗಿಡಮರ ಎಣಿಸಿದ್ದ ಜಾಗಗಳನ್ನು ಸಂಶೋಧಕರು 2008ರಲ್ಲಿ ಮತ್ತೆ ನೋಡಿದಾಗ, ತಾವು ಬೇರೂರಿದ್ದ ಜಾಗಗಳು ಹೆಚ್ಚುಕಡಿಮೆ ದುಪ್ಪಟ್ಟಾಗಿದ್ದವು. ಸರ್ಕಾರಿ ಯೋಜನೆಯೊಂದು ಇಷ್ಟು ಬೇಗ ಗುರಿ ಮುಟ್ಟಿದ್ದು ನನಗಂತೂ ನೆನಪಿಲ್ಲ. ಅಭಿನಂದನೆಗಳು.

ಆದರೆ ಈ ಸಾಧನೆಯಲ್ಲಿ ನಮ್ಮ ಪಾಲೂ ಇದೆ. ಬೆಟ್ಟದ ಮೂಲನಿವಾಸಿಗಳಾದ ಸೋಲಿಗರು ಹಿಂದೆ ‘ತರಗು ಬೆಂಕಿ’ ಹಾಕುತ್ತಿದ್ದರು. ಜನವರಿ, ಫೆಬ್ರವರಿಯಲ್ಲಿ, ನೆಲದ ಪಸೆ ಪೂರ್ತಿ ಆರುವ ಮೊದಲೇ ಉದುರಿದೆಲೆಗೆ ಕಡ್ಡಿ ಗೀರುವುದು. ಜ್ವಾಲೆ ಮೊಣಕಾಲು ದಾಟದೆ ತರಗನ್ನಷ್ಟೇ ನೆಕ್ಕಿಕೊಂಡು ಸಾಗುತ್ತಿತ್ತು. ಹಸಿ ನೆಲ ಸಿಕ್ಕಿದಲ್ಲಿ ತಾನಾಗಿ ಆರುತ್ತಿತ್ತು. ದೊಡ್ಡ ಮರದ ತೊಗಟೆ ಕಪ್ಪಾದರೆ ಹೆಚ್ಚು. ಸುಡುತ್ತಿದ್ದುದು ತಮ್ಮ ಎಳೆ ಸಸಿ, ಬಿದ್ದ ಬೀಜ. ನೆಲ್ಲಿಮರದ ಜೀವ ಹಿಂಡುವ ‘ಉಪ್ಪಿಲು’ ಬಂದಳಿಕೆಗೂ ಇದೇ ಮದ್ದು ಎನ್ನುತ್ತಾರೆ ಸೋಲಿಗರು. ಮೊದಲ ಮಳೆ ಬಿದ್ದದ್ದೇ ತಡ, ಕರಿ ನೆಲದಲ್ಲಿ ಎಳೆ ಹುಲ್ಲು. ಹುಲ್ಲಿನ ಹಿಂದೆಯೇ ಕಾಟಿ, ಕಡವೆ, ಜಿಂಕೆ.

ಈ ಗುಟ್ಟು ಕೋವಿ ಹಿಡಿದವರಿಗೂ ಗೊತ್ತಿತ್ತು. ಮೈಸೂರಿನಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಸಾಹೇಬ ಕಾಟಿ ಅರಸಿ ಅಲೆದದ್ದು ಇದೇ ಬೆಟ್ಟಗಳಲ್ಲಿ. ಹುಲ್ಲು ಎಲ್ಲಿ ಚಿಗುರುತ್ತದೆಂದು ತಿಳಿದವನಿಗೇ ಬೇಟೆ. 1972ರ ವನ್ಯಜೀವಿ ಕಾಯ್ದೆ ಕೋವಿಯನ್ನು ಹೊರಗಟ್ಟಿತು, ಒಳ್ಳೆಯದೇ ಆಯಿತು. ಅದೇ ಕಾಯ್ದೆಯ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದೂ ಅಪರಾಧ. 1974ರಲ್ಲಿ ಬೆಟ್ಟ ಅಭಯಾರಣ್ಯವಾದಾಗ ಬೆಂಕಿಪೊಟ್ಟಣವೂ ಕೋವಿಯ ಲೆಕ್ಕಕ್ಕೇ ಸೇರಿತು.

ಈಗ ಅಲ್ಲಿ ಶಿಕಾರಿಗೆ ಪರವಾನಗಿ ಉಳಿದಿರುವುದು ಹುಲಿ, ಚಿರತೆ, ಸೀಳುನಾಯಿಗಳಿಗೆ ಮಾತ್ರ. ಅವುಗಳಿಗೆ ಜಿಂಕೆ ಬೇಕು, ಜಿಂಕೆಗೆ ಹುಲ್ಲು ಬೇಕು, ಹುಲ್ಲಿಗೆ ಬಿಸಿಲು ಬೇಕು. ಬಿಸಿಲನ್ನು ತಾವು ಮೇಲೆಯೇ ಜಪ್ತಿ ಮಾಡಿದ್ದೀರಿ. ಅದಕ್ಕೆ ಯಾವ ಕಲಮಿನಡಿ ಕೇಸು ಹಾಕುವುದೋ ತಿಳಿಯದು. ತಾವೂ ಪರೋಪಕಾರಿಗಳೇ: 2021ರಲ್ಲಿ ತಮ್ಮ ಕೊಂಬೆ ಹೆಣೆದು ಮಾಡಿದ ಆನೆಗಳು ಲಂಡನ್ನಿನ ಪಾರ್ಕುಗಳಲ್ಲಿ ನಿಂತು ಫೋಟೊ ತೆಗೆಸಿಕೊಂಡವು. ಕಾಡಿನ ಆನೆಗೆ ಮೇವಿಲ್ಲದಿದ್ದರೇನಂತೆ.

ಅರಣ್ಯ ಇಲಾಖೆಯೂ ಕೈಕಟ್ಟಿ ಕೂತಿಲ್ಲ. ಬೇಸಿಗೆಗೆ ಮುಂಚೆ ದಾರಿಯ ಇಕ್ಕೆಲದಲ್ಲಿ ಪೊದೆ ಸವರಿ, ಸುಟ್ಟು ಬೆಂಕಿ ರೇಖೆ ಮಾಡಿಸುತ್ತದೆ. ಆ ಕೂಲಿಗೆ ಬರುವವರಲ್ಲಿ ಸೋಲಿಗರೂ ಇರುತ್ತಾರೆ. ಅದೇ ಕೈ, ಅದೇ ಕಡ್ಡಿ: ರೇಖೆಯ ಮೇಲೆ ಗೀರಿದರೆ ಕೂಲಿ, ರೇಖೆ ದಾಟಿ ಗೀರಿದರೆ ಕೇಸು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸುಮಾರು 10,000 ಎಕರೆ ಉರಿದಾಗ, ಒಣಗಿ ನಿಂತಿದ್ದ ತಮ್ಮ ಬಳಗವೇ ಬೆಂಕಿಯನ್ನು ಹೆಗಲ ಮೇಲೆ ಹೊತ್ತು ನಡೆಯಿತು. ಸಣ್ಣ ಬೆಂಕಿ ಬೇಡವೆಂದವರಿಗೆ ದೊಡ್ಡದೇ ಸಿಕ್ಕಿತು.

ಹಾಗಂತ ನಾಳೆಯೇ ಕಡ್ಡಿ ಗೀರೋಣವೆಂದರೆ ಅದೂ ಆಗದು. ಆಳೆತ್ತರ ಬೆಳೆದ ತಮ್ಮನ್ನು ಏಣಿ ಮಾಡಿಕೊಂಡು ಬೆಂಕಿ ಮರದ ನೆತ್ತಿಗೇರುತ್ತದೆ; ತಾವೋ ಸುಟ್ಟ ಬುಡದಿಂದಲೇ ಮತ್ತೆ ಚಿಗುರುತ್ತೀರಿ. ಸೋಲಿಗರೂ ಇದನ್ನು ಬಲ್ಲರು: ಮೊದಲು ಲಂಟಾನ ಬುಡಸಮೇತ ಕೀಳಬೇಕು, ತರಗು ಬೆಂಕಿ ಆಮೇಲಿನದು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅವರಿಗೆ ಸಮುದಾಯ ಹಕ್ಕುಪತ್ರ ಕೊಟ್ಟೆವು. ಜೇನು, ನೆಲ್ಲಿಕಾಯಿಯ ಮಾತು ಸಲೀಸು. ಕಡ್ಡಿಯ ಮಾತೆತ್ತಿದರೆ ಮಾತ್ರ ಎಲ್ಲರಿಗೂ ಕೆಮ್ಮು.

ಆದ್ದರಿಂದ ತಮಗೊಂದೇ ಕಿವಿಮಾತು. ಗರಗಸಕ್ಕೆ, ಯಂತ್ರಕ್ಕೆ ಹೆದರಬೇಡಿ. ಯಾವ ವಾರ, ಯಾವ ಗಾಳಿ, ಯಾವ ಇಳಿಜಾರಿನಿಂದ ಹಚ್ಚಬೇಕೆಂದು ಮುದುಕ ಸೋಲಿಗನೊಬ್ಬ ಹೇಳುವುದನ್ನು ಅಧಿಕಾರಿಯೊಬ್ಬರು ಕೂತು ಬರೆದುಕೊಂಡರೆ, ಆಗ ಹೆದರಿ. ತರಗು ಬೆಂಕಿ ಹಾಕಿ ಬಲ್ಲವರೆಲ್ಲ ಈಗ ವಯಸ್ಸಾದವರು. ನಮ್ಮ ಕಡತಗಳು ಇದೇ ನಡಿಗೆಯಲ್ಲಿ ಸಾಗಿದರೆ ತಮಗೆ ಆ ಭಯವೂ ಬಹಳ ವರ್ಷ ಉಳಿಯದು.

ಇಂತಿ,
ತಮ್ಮ ಏಳಿಗೆಗೆ ನೆರವಾದ ಅಸಂಖ್ಯ ಹಿತೈಷಿಗಳಲ್ಲೊಬ್ಬ